ಮಗಳು ಬಹಳ ಸೂಕ್ಷ್ಮ: ಇದು ಸ್ವಭಾವವೋ, ಕಾಯಿಲೆಯೋ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಶಿವಮೊಗ್ಗದಿಂದ ಒಬ್ಬ ತಾಯಿ

ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಚಿಕ್ಕಂದಿನಲ್ಲಿಯೂ ಯಾರಾದರೂ ದನಿ ಏರಿಸಿದರೆ ಸಾಕು, ಅವಳ ಕಣ್ಣು ತುಂಬಿಕೊಳ್ಳುತ್ತಿತ್ತು. ಮದುವೆ ಮನೆಯ ಗದ್ದಲ ತಾಳಲಾರದೆ ಎಲ್ಲಾದರೂ ಒಂದು ಕೋಣೆ ಹುಡುಕಿಕೊಂಡು ಕುಳಿತುಬಿಡುತ್ತಿದ್ದಳು. ಅದು ಅವಳ ಸ್ವಭಾವವೆಂದೇ ನಾವು ತಿಳಿದಿದ್ದೆವು. ಈ ವರ್ಷ ಮಾತ್ರ ಬೇರೆಯದೇ ಏನೋ ಆಗುತ್ತಿದೆ. ತಿಂಗಳಲ್ಲಿ ಕೆಲವು ದಿನ ಹಾಸಿಗೆಯಿಂದ ಏಳುವುದೇ ಇಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ ಎನ್ನುತ್ತಾಳೆ, ಆಸೆಪಟ್ಟು ಕಲಿಯುತ್ತಿದ್ದ ವೀಣೆಯನ್ನು ಮುಟ್ಟುತ್ತಿಲ್ಲ. ನಮ್ಮ ಅತ್ತೆಯವರು "ಮನಸ್ಸು ಗಟ್ಟಿ ಮಾಡಿಕೋ" ಎನ್ನುತ್ತಾರೆ. ನೆಂಟರೊಬ್ಬರು "ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆಯಾಗಿದೆ, ಮಾತ್ರೆ ತಂದುಕೊಡಿ" ಎನ್ನುತ್ತಾರೆ. ಇವರಲ್ಲಿ ಯಾರ ಮಾತು ಸರಿ, ಮೊದಲು ಯಾರ ಬಳಿ ಹೋಗಬೇಕು ಎಂಬುದನ್ನು ಇಂಥದ್ದನ್ನು ಕಂಡುಂಡವರು ತಿಳಿಸಬೇಕೆಂದು ಕೋರುತ್ತೇನೆ.

ಧಾರವಾಡದಿಂದ ಒಬ್ಬ ಪ್ರೌಢಶಾಲಾ ಶಿಕ್ಷಕಿ

ಅಕ್ಕಾ, ನಾನೂ ನಿಮ್ಮ ಮಗಳಂಥ ಮಗುವೇ ಆಗಿದ್ದೆ. ನಡುವಯಸ್ಸು ತಲುಪಿದ ಮೇಲೂ ಹಾಗೆಯೇ ಇದ್ದೇನೆ. ಹೀಗಾಗಿ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ ಎಂಬ ಮನೋವಿಜ್ಞಾನಿ ನಾಲ್ಕು ತಿಂಗಳ ಕೂಸುಗಳ ಎದುರು ಅವು ಹಿಂದೆ ಕಾಣದ ಆಟಿಕೆಗಳನ್ನು ಆಡಿಸಿ, ಕೇಳದ ದನಿಗಳನ್ನು ಕೇಳಿಸಿ, ಅದೇ ಮಕ್ಕಳನ್ನು ಮುಂದೆ ಹಲವು ವರ್ಷಗಳವರೆಗೆ ಗಮನಿಸುತ್ತ ಬಂದರು. ಸುಮಾರು ಶೇ. 20ರಷ್ಟು ಕೂಸುಗಳು ಕೈಕಾಲು ಬಡಿದು ಅತ್ತವು, ಸುಮಾರು ಶೇ. 40ರಷ್ಟು ಕೂಸುಗಳು ಅದನ್ನೇ ನೋಡಿಕೊಂಡು ಶಾಂತವಾಗಿದ್ದವು. ನಾಲ್ಕು ತಿಂಗಳ ಕೂಸಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಲು ಯಾರೂ ಕಲಿಸಿರುವುದಿಲ್ಲ, ಕಲಿಸದೆ ಬಿಟ್ಟಿರುವುದೂ ಇಲ್ಲ. ಆ ವ್ಯತ್ಯಾಸ ಬಹುಮಟ್ಟಿಗೆ ಹುಟ್ಟಿನೊಂದಿಗೇ ಬಂದದ್ದು. ಅದೇ ತಂಡದವರು 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಎರಡನೆಯ ವಯಸ್ಸಿನಲ್ಲಿ ಅಪರಿಚಿತರನ್ನು ಕಂಡರೆ ಹಿಂಜರಿಯುತ್ತಿದ್ದ ಮಕ್ಕಳನ್ನು ಇಪ್ಪತ್ತು ದಾಟಿದ ಮೇಲೆ ಸ್ಕ್ಯಾನ್ ಮಾಡಿ ನೋಡಿದಾಗ, ಹೊಸ ಮುಖಗಳನ್ನು ಕಂಡೊಡನೆ ಅವರ ಮೆದುಳಿನ ಅಮಿಗ್ಡಾಲ ಎಂಬ ಬಾದಾಮಿಯಾಕಾರದ ಭಾಗವು ಉಳಿದವರಿಗಿಂತ ಹೆಚ್ಚು ಚುರುಕಾಗಿ ಎಚ್ಚೆತ್ತುಕೊಳ್ಳುತ್ತಿತ್ತು. ಅಪಾಯವಿರಬಹುದೇ, ಇದು ಮುಖ್ಯವೇ ಎಂದು ನಾವು ಯೋಚಿಸುವುದಕ್ಕೂ ಮೊದಲೇ ಅಳೆದು ದೇಹವನ್ನು ಎಚ್ಚರಿಸುವುದು ಆ ಭಾಗದ ಕೆಲಸ. ಹಣೆಯ ಹಿಂದಿರುವ ಮೆದುಳಿನ ಮುಂಭಾಗ ಅದನ್ನು ಸಮಾಧಾನಕ್ಕೆ ತರುತ್ತದೆ, ಆದರೆ ಆ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಾಗುತ್ತದೆ. ನಿಮ್ಮ ಮಗಳು ಇನ್ನೂ ಆ ದಾರಿಯಲ್ಲಿದ್ದಾಳೆ.

ಇಷ್ಟಾದರೂ ಕೇಗನ್ ಅವರು ಗಮನಿಸಿದ ಆ ಅಳುವ ಕೂಸುಗಳಲ್ಲಿ ಹೆಚ್ಚಿನವರು ಮುಂದೆ ಯಾವ ಮನೋರೋಗಕ್ಕೂ ತುತ್ತಾಗಲಿಲ್ಲ ಎಂಬುದನ್ನು ಮರೆಯಬೇಡಿ. ನನ್ನ ಮಟ್ಟಿಗೆ ಅತ್ಯಂತ ಹೆಚ್ಚು ಕೈ ಹಿಡಿದದ್ದು ನಿದ್ರೆ. ಒಂದು ರಾತ್ರಿ ಪೂರ್ತಿ ನಿದ್ರೆಗೆಟ್ಟ ಆರೋಗ್ಯವಂತ ಯುವಜನರಿಗೆ ಮನ ಕಲಕುವ ಚಿತ್ರಗಳನ್ನು ತೋರಿಸಿದಾಗ ಅಮಿಗ್ಡಾಲದ ಪ್ರತಿಕ್ರಿಯೆ ಸುಮಾರು ಶೇ. 60ರಷ್ಟು ಹೆಚ್ಚಿತ್ತೆಂದು 2007ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ; ಅದನ್ನು ಓದುವ ಮೊದಲೇ ನನ್ನ ದೇಹಕ್ಕೆ ಆ ಸಂಗತಿ ಗೊತ್ತಿತ್ತು. ಪರೀಕ್ಷೆಯ ದಿನಗಳಲ್ಲಿ ರಾತ್ರಿಯಿಡೀ ಓದುವ ಅಭ್ಯಾಸ ಅವಳಿಗಿದ್ದರೆ ಮೊದಲು ಅದನ್ನು ತಪ್ಪಿಸಿ. ಶಾಲೆಯಿಂದ ಬಂದ ಮೇಲೆ ಸ್ವಲ್ಪ ಹೊತ್ತು ಯಾರೊಡನೆಯೂ ಮಾತನಾಡದೆ ಕುಳಿತುಕೊಳ್ಳಲು ನನ್ನ ಮನೆಯವರು ನನಗೆ ಅವಕಾಶ ಕೊಟ್ಟಿದ್ದಾರೆ, ಅದೂ ದೊಡ್ಡ ಉಪಕಾರ.

ಹೀಗೆ ಹೇಳುವಾಗ ಒಂದು ಗೆರೆಯನ್ನೂ ಎಳೆಯಲೇಬೇಕು. ಗದ್ದಲಕ್ಕೆ ನಲುಗುವುದು, ಬೇಗ ಕಣ್ಣೀರು ಬರುವುದು ಅವಳಲ್ಲಿ ಮೊದಲಿನಿಂದ ಇದ್ದದ್ದು. ವೀಣೆ ಮುಟ್ಟದಿರುವುದು, ಹಾಸಿಗೆ ಬಿಡದಿರುವುದು ಹೊಸದು. ಹೊಸದನ್ನು ಸ್ವಭಾವದ ಲೆಕ್ಕಕ್ಕೆ ಸೇರಿಸದೆ ವೈದ್ಯರಿಗೆ ತೋರಿಸಿ.

ಮಂಗಳೂರಿನಿಂದ ನಿವೃತ್ತ ಮನೋರೋಗ ಶುಶ್ರೂಷಕಿ

ತಂಗಿ, ಮೇಲಿನ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ನನ್ನ ವೃತ್ತಿಜೀವನದುದ್ದಕ್ಕೂ ನಾವು ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸಿ ನೋಡುತ್ತಿರಲಿಲ್ಲ. ಆ ವ್ಯಕ್ತಿ ತನ್ನ ಹಿಂದಿನ ತನಗಿಂತ ಎಷ್ಟು ಬದಲಾಗಿದ್ದಾಳೆ, ಆ ಬದಲಾವಣೆ ಎರಡು ವಾರ ಮೀರಿ ಉಳಿದಿದೆಯೇ, ಊಟ, ನಿದ್ರೆ, ಓದು, ಸ್ನಾನಗಳಿಗೆ ಅಡ್ಡಿಯಾಗಿದೆಯೇ ಎಂದು ಕೇಳುತ್ತಿದ್ದೆವು.

ಮೊದಲು ನಿಮ್ಮ ಮನೆ ವೈದ್ಯರ ಬಳಿಯೇ ಹೋಗಿ ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಬಿ12 ಪರೀಕ್ಷೆಗಳ ಬಗ್ಗೆ ಕೇಳಿ. ಥೈರಾಯ್ಡ್ ಕುಂದಿದಾಗ ಮನಸ್ಸು ಮಂಕಾಗುತ್ತದೆ, ಮೈ ಭಾರವಾಗುತ್ತದೆ, ಯೋಚನೆ ನಿಧಾನವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಖಿನ್ನತೆಯಂತೆಯೇ ಕಾಣುತ್ತದೆ. ಬಿ12 ನರಗಳಿಗೂ ರಕ್ತಕ್ಕೂ ಬೇಕಾದ ವಿಟಮಿನ್, ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ. ಹಾಲು ಮೊಸರನ್ನೂ ಕಡಿಮೆ ತಿನ್ನುವ ಸಸ್ಯಾಹಾರಿ ಮನೆಯ ಹೆಣ್ಣುಮಕ್ಕಳಲ್ಲಿ ಅದರ ಕೊರತೆಯನ್ನು ನಾವು ಮತ್ತೆ ಮತ್ತೆ ಕಾಣುತ್ತಿದ್ದೆವು. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆ ಎಂದು ಬಂದರೆ "ಏನೂ ಇಲ್ಲ" ಎಂದು ಅವಳಿಗೆ ಹೇಳಿ ಮುಗಿಸಬೇಡಿ. ಆಗ ಮನೋವೈದ್ಯರನ್ನು ಕಾಣಬೇಕು.

ಇನ್ನೊಂದು ವಿಷಯ, ಕೇಳಲು ಕಷ್ಟವಾದರೂ ಕೇಳಬೇಕಾದದ್ದು. "ಬದುಕು ಸಾಕು ಎಂದು ಅನ್ನಿಸುತ್ತದೆಯೇ, ಸಾಯುವ ಯೋಚನೆ ಬರುತ್ತದೆಯೇ" ಎಂದು ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಕೇಳುವವರು ಸಿಕ್ಕರೆಂದು ಎಷ್ಟೋ ಮಕ್ಕಳು ಹಗುರಾಗಿದ್ದನ್ನು ನಾನು ಕಂಡಿದ್ದೇನೆ. ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 14416 ಎಂಬುದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು.

ಬೆಂಗಳೂರಿನಿಂದ ಒಬ್ಬ ಉದ್ಯೋಗಸ್ಥ ಯುವತಿ

ಅಮ್ಮಾ, ನಿಮ್ಮ ಪತ್ರದಲ್ಲಿ "ತಿಂಗಳಲ್ಲಿ ಕೆಲವು ದಿನ" ಎಂಬ ಮಾತು ಕಂಡು ಬರೆಯಲು ಕುಳಿತೆ. ಆ ಕೆಲವು ದಿನಗಳು ಯಾವುವು ಎಂದು ದಯವಿಟ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ.

ನನಗೆ ಮುಟ್ಟಾಗುವ ಸುಮಾರು ಒಂದು ವಾರ ಮೊದಲು ಲೋಕವೇ ಬಣ್ಣಗೆಡುತ್ತಿತ್ತು. ಯಾರೋ ಸಹಜವಾಗಿ ಆಡಿದ ಮಾತು ಎದೆಗೆ ಇರಿಯುತ್ತಿತ್ತು, ಕೆಲಸ ಬಿಟ್ಟುಬಿಡಬೇಕೆನ್ನಿಸುತ್ತಿತ್ತು, ಎಲ್ಲರೂ ನನ್ನನ್ನು ಸಹಿಸಿಕೊಂಡಿದ್ದಾರೆ ಅಷ್ಟೇ ಎಂಬ ಭಾವ ಖಚಿತವಾಗಿ ನೆಲೆಸುತ್ತಿತ್ತು. ಮುಟ್ಟು ಶುರುವಾದ ಒಂದೆರಡು ದಿನಗಳಲ್ಲಿ ಅದೆಲ್ಲ ಕರಗಿ, ಅದೇ ಕೆಲಸ, ಅದೇ ಜನ ಮತ್ತೆ ಪ್ರಿಯವಾಗುತ್ತಿದ್ದರು. ಒಂದು ಆಸ್ಪತ್ರೆಯಲ್ಲಿ "ಎಲ್ಲ ಹೆಣ್ಣುಮಕ್ಕಳಿಗೂ ಇರುತ್ತದೆ" ಎಂದು ಕಳುಹಿಸಿದರು. ಎಲ್ಲರಿಗೂ ಇರುವುದಿಲ್ಲ. ಮುಟ್ಟಿಗೆ ಮುಂಚಿನ ಸಣ್ಣ ಕಿರಿಕಿರಿ ಬಹಳ ಜನರಿಗಿದ್ದರೂ ಬದುಕನ್ನೇ ನಿಲ್ಲಿಸಿಬಿಡುವ ಈ ತೀವ್ರ ರೂಪ ಕೆಲವೇ ಮಂದಿಯಲ್ಲಿ ಕಾಣುತ್ತದೆ. ಅದನ್ನು ವೈದ್ಯರು ಪಿ.ಎಂ.ಡಿ.ಡಿ. ಎನ್ನುತ್ತಾರೆ, 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಅದನ್ನು ಸ್ವತಂತ್ರ ಕಾಯಿಲೆಯೆಂದು ಒಪ್ಪಿಕೊಂಡಿತು.

ನನಗೆ ಸಮಾಧಾನ ಕೊಟ್ಟದ್ದು ಅದರ ಹಿಂದಿನ ವಿಜ್ಞಾನ. ನನ್ನ ಹಾರ್ಮೋನು ಪರೀಕ್ಷೆಗಳೆಲ್ಲ ಸರಿಯಾಗಿಯೇ ಇದ್ದವು, ಹಾಗಾದರೆ ತೊಂದರೆ ನನ್ನ ಮನಸ್ಸಿನ ದೌರ್ಬಲ್ಯವೇ ಎಂದು ಕೊರಗುತ್ತಿದ್ದೆ. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು, ಇಂಥ ತೊಂದರೆಯಿದ್ದ ಹೆಂಗಸರಿಗೂ ಇಲ್ಲದವರಿಗೂ ಔಷಧಿಯಿಂದ ಅಂಡಾಶಯದ ಹಾರ್ಮೋನುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ತೊಂದರೆಯಿದ್ದ ಹಲವರಿಗೆ ಮನಸ್ಸು ಹಗುರಾಯಿತು. ಆಮೇಲೆ ಅದೇ ಹಾರ್ಮೋನುಗಳನ್ನು ಎರಡೂ ಗುಂಪಿಗೆ ಸಹಜ ಪ್ರಮಾಣದಲ್ಲಿ ಕೊಟ್ಟಾಗ, ಆ ಹಗುರಾದವರಿಗೆ ಮಾತ್ರ ದುಃಖ, ಸಿಡುಕು ಮರಳಿ ಬಂದವು; ಉಳಿದವರಿಗೆ ಏನೂ ಆಗಲಿಲ್ಲ. ಹಾರ್ಮೋನು ಹೆಚ್ಚುಕಡಿಮೆಯಾಗಿರುವುದಲ್ಲ, ಸಹಜವಾದ ಏರಿಳಿತಕ್ಕೇ ಕೆಲವರ ಮೆದುಳು ಬೇರೆಯಾಗಿ ಸ್ಪಂದಿಸುತ್ತದೆ ಎಂದಾಯಿತು. ಪ್ರೊಜೆಸ್ಟೆರೋನ್ ಎಂಬ ಅಂಡಾಶಯದ ಹಾರ್ಮೋನು ದೇಹದಲ್ಲಿ ಒಡೆದಾಗ ಹುಟ್ಟುವ ಒಂದು ವಸ್ತು, ಮೆದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ, ಆ ಹೊಂದಾಣಿಕೆ ಇಂಥವರಲ್ಲಿ ಸಲೀಸಾಗಿ ನಡೆಯುವುದಿಲ್ಲ ಎಂಬುದು ಈಗ ಹೆಚ್ಚು ಒಪ್ಪಿತವಾದ ವಿವರಣೆ.

ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಇಲ್ಲ. ಕನಿಷ್ಠ ಎರಡು ಋತುಚಕ್ರಗಳವರೆಗೆ ಪ್ರತಿ ರಾತ್ರಿ ಅಂದಿನ ಮನಸ್ಥಿತಿ, ನಿದ್ರೆ, ಸಿಟ್ಟು, ಅಳು ಇವುಗಳಿಗೆ ಅಂಕ ಕೊಟ್ಟು ಬರೆದಿಡಬೇಕು. ನೆನಪಿನಿಂದ ಹೇಳಿದರೆ ಸಾಲದು. ಮುಟ್ಟಿನ ನಂತರದ ವಾರ ಮನಸ್ಸು ತಿಳಿಯಾಗಿದ್ದರೆ ಅದು ಪಿ.ಎಂ.ಡಿ.ಡಿ. ಇರಬಹುದು. ತಿಂಗಳಿಡೀ ಮಂಕಾಗಿದ್ದು ಮುಟ್ಟಿಗೆ ಮುಂಚೆ ಇನ್ನಷ್ಟು ಕುಸಿಯುತ್ತಿದ್ದರೆ ಅದು ಬಹುಶಃ ಖಿನ್ನತೆಯೇ, ಅದರ ಚಿಕಿತ್ಸೆ ಬೇರೆ. ನನಗೆ ವೈದ್ಯರು ಕೊಟ್ಟದ್ದು ಖಿನ್ನತೆಗೆ ಕೊಡುವ ಜಾತಿಯ ಮಾತ್ರೆಯೇ, ಆದರೆ ಋತುಚಕ್ರದ ಉತ್ತರಾರ್ಧಕ್ಕೆ ಮಾತ್ರ; ಈ ತೊಂದರೆಯಲ್ಲಿ ಅದು ವಾರಗಟ್ಟಲೆ ಕಾಯಿಸದೆ ಕೆಲವೇ ದಿನಗಳಲ್ಲಿ ಕೆಲಸ ಮಾಡುತ್ತದೆ. ನಾನೀಗ ಆ ವಾರದಲ್ಲಿ ದೊಡ್ಡ ತೀರ್ಮಾನ ತೆಗೆದುಕೊಳ್ಳುವುದಿಲ್ಲ, ಮನೆಯವರಿಗೂ ದಿನಾಂಕ ಗೊತ್ತಿದೆ.

ದಾವಣಗೆರೆಯಿಂದ ಔಷಧಶಾಸ್ತ್ರದ ಉಪನ್ಯಾಸಕರು

ನಿಮ್ಮ ನೆಂಟರ ಮಾತಿನ ಬಗ್ಗೆ ಮಾತ್ರ ಹೇಳುತ್ತೇನೆ. ಸೆರೊಟೋನಿನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ಅದು ಕಡಿಮೆಯಾಗಿದ್ದರಿಂದಲೇ ಖಿನ್ನತೆ ಬರುತ್ತದೆ ಎಂಬುದು 1960ರ ದಶಕದಲ್ಲಿ ಬೆಳೆದ ಊಹೆ. 2022ರಲ್ಲಿ ಬ್ರಿಟನ್ನಿನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಆ ಊಹೆಗೆ ಸ್ಥಿರವಾದ ಪುರಾವೆ ಇಲ್ಲವೆಂದು ಬರೆದರು. ಆದ್ದರಿಂದ ಮಾತ್ರೆಯೇ ಸುಳ್ಳು ಎಂದು ತೀರ್ಮಾನಿಸುವುದು ಸರಿಯಲ್ಲ. ಪ್ಯಾರಾಸಿಟಮಾಲ್ ತಲೆನೋವು ಕಳೆಯುತ್ತದೆಂದ ಮಾತ್ರಕ್ಕೆ ದೇಹದಲ್ಲಿ ಪ್ಯಾರಾಸಿಟಮಾಲ್ ಕೊರತೆಯಿತ್ತು ಎಂದಾಗುವುದಿಲ್ಲವಲ್ಲ. ಖಿನ್ನತೆಗೆ ಕೊಡುವ ಈ ಔಷಧಿಗಳು ನರಕೋಶಗಳ ನಡುವಿನ ಸೆರೊಟೋನಿನ್ನನ್ನು ಕೆಲವೇ ಗಂಟೆಗಳಲ್ಲಿ ಹೆಚ್ಚಿಸುತ್ತವೆ, ಆದರೆ ಖಿನ್ನತೆ ಇಳಿಯಲು ಎರಡರಿಂದ ಆರು ವಾರ ಬೇಕಾಗುತ್ತದೆ. ಆ ನಡುವೆ ನರಕೋಶಗಳ ನಂಟುಗಳೇ ನಿಧಾನವಾಗಿ ಮಾರ್ಪಡುತ್ತವೆ ಎಂಬುದು ಈಗಿನ ಬಲವಾದ ಅಭಿಪ್ರಾಯ.

ಹೀಗಾಗಿ ಔಷಧಿ ಅಂಗಡಿಯಿಂದ ನೀವಾಗಿಯೇ ಮಾತ್ರೆ ತರಬೇಡಿ. ವೈದ್ಯರು ಬರೆದುಕೊಟ್ಟ ಮೇಲೆ ಒಂದು ವಾರದಲ್ಲಿ ಗುಣ ಕಾಣಲಿಲ್ಲವೆಂದು ಬಿಡಬೇಡಿ, ಗುಣವಾಯಿತೆಂದು ಥಟ್ಟನೆ ನಿಲ್ಲಿಸಲೂಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ನಿದ್ರಾಭಂಗ ಬರಬಹುದು. ಇಪ್ಪತ್ತೈದರೊಳಗಿನವರಲ್ಲಿ ಮೊದಲ ಕೆಲವು ವಾರ ಹೆಚ್ಚು ನಿಗಾ ಬೇಕು, ಚಡಪಡಿಕೆಯಾಗಲಿ ಸಾಯುವ ಯೋಚನೆಯಾಗಲಿ ಹೆಚ್ಚಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಆಪ್ತಸಮಾಲೋಚನೆಯನ್ನು ಮಾತ್ರೆಗಿಂತ ಕೆಳಗಿನದೆಂದು ಭಾವಿಸಬೇಡಿ. ಸೌಮ್ಯ ಖಿನ್ನತೆಯಲ್ಲಿ ಅದೇ ಮೊದಲ ಚಿಕಿತ್ಸೆಯಾಗಬಹುದು.

ಹಾಸನದಿಂದ ಒಬ್ಬ ತಂದೆ

ಮೇಡಂ, ನನ್ನ ಮಗನಿಗೂ ಕಾಲೇಜಿನಲ್ಲಿದ್ದಾಗಲೇ ಶುರುವಾದದ್ದು. ಖಿನ್ನತೆಯೆಂದು ಚಿಕಿತ್ಸೆ ನಡೆಯುತ್ತಿರುವಾಗ ಅವನು ರಾತ್ರಿ ಎರಡು ಮೂರು ಗಂಟೆ ಮಾತ್ರ ಮಲಗಿ ಬೆಳಿಗ್ಗೆ ಉತ್ಸಾಹದಿಂದ ಏಳತೊಡಗಿದ, ಎಡೆಬಿಡದೆ ಮಾತನಾಡತೊಡಗಿದ. ಮಗ ಚೇತರಿಸಿಕೊಂಡನೆಂದು ಮನೆಯೆಲ್ಲ ಸಂತೋಷಪಟ್ಟಿತು. ಅದು, ಖಿನ್ನತೆಯೂ ಅತಿ ಉತ್ಸಾಹದ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಎಂಬ ಕಾಯಿಲೆಯ ಉನ್ಮಾದದ ಹಂತವಾಗಿತ್ತು. ಆ ಕಾಯಿಲೆ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವೊಮ್ಮೆ ಹೀಗಾಗುತ್ತದೆಂದು ಆಮೇಲೆ ವೈದ್ಯರು ವಿವರಿಸಿದರು. ಈಗ ಲಿಥಿಯಂ ತೆಗೆದುಕೊಳ್ಳುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಬಳಸಿ ವರದಿ ಮಾಡಿದ ಆ ಲವಣ ನನ್ನ ಮಗನನ್ನು ನನಗೆ ಮರಳಿ ಕೊಟ್ಟಿತು. ಅದಕ್ಕೆ ರಕ್ತದಲ್ಲಿನ ಪ್ರಮಾಣ, ಮೂತ್ರಪಿಂಡ, ಥೈರಾಯ್ಡ್ ಇವುಗಳ ತಪಾಸಣೆ ಆಗಾಗ ಬೇಕು; ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಕೇಳದೆ ನುಂಗುವಂತಿಲ್ಲ.

ನಿಮ್ಮ ಮಗಳಿಗೆ ಇದೇ ಇದೆ ಎಂದು ನಾನು ಹೇಳುತ್ತಿಲ್ಲ. ಕುಸಿದ ದಿನಗಳನ್ನಷ್ಟೇ ಅಲ್ಲದೆ, ನಿದ್ರೆಯಿಲ್ಲದಿದ್ದರೂ ದಣಿಯದ ದಿನಗಳು ಇದ್ದವೇ ಎಂಬುದನ್ನೂ ನೆನಪಿಸಿಕೊಂಡು ವೈದ್ಯರಿಗೆ ತಿಳಿಸಿ.

ಶಿವಮೊಗ್ಗದ ತಾಯಿ

ಎಲ್ಲರಿಗೂ ಕೈಮುಗಿಯುತ್ತೇನೆ. ಇಂದಿನಿಂದಲೇ ಅವಳು ಬರೆದಿಡುತ್ತಾಳೆ, ಅವಳೇ ಒಪ್ಪಿದ್ದಾಳೆ. ಸಾಯುವ ಯೋಚನೆಯ ಬಗ್ಗೆಯೂ ಕೇಳಿದೆ, ಇಲ್ಲವೆಂದಳು. ಇನ್ನೊಂದು ಅಳುಕಿದೆ. ನನ್ನ ಯಜಮಾನರ ತಂಗಿಗೆ ಹಿಂದೆ ಮಾನಸಿಕ ಚಿಕಿತ್ಸೆ ನಡೆದಿತ್ತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ವೈದ್ಯರಿಗೆ ಅದನ್ನು ಹೇಳಬೇಕೇ? ಹೇಳಿದರೆ ಮಗಳಿಗೂ ಅದೇ ಹಣೆಪಟ್ಟಿ ಅಂಟುವುದೇ?

ಮಂಗಳೂರಿನ ಶುಶ್ರೂಷಕಿ

ತಪ್ಪದೆ ಹೇಳಿ ತಂಗಿ. ನಿಮ್ಮ ನಾದಿನಿಗೆ ಯಾವ ಕಾಯಿಲೆ ಇತ್ತು, ಯಾವ ಔಷಧಿಯಿಂದ ಗುಣ ಕಂಡಿತು ಎಂಬುದು ಮಗಳಿಗೆ ಔಷಧಿ ಆರಿಸುವಾಗ ನೆರವಾಗಬಹುದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಖಿನ್ನತೆಗೆ ಒಳಗಾಗುವುದರಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಸುಮಾರು ಶೇ. 37ರಷ್ಟಕ್ಕೆ ಮಾತ್ರ ಅನುವಂಶೀಯತೆ ಕಾರಣ. ಬೈಪೋಲಾರ್ ಕಾಯಿಲೆಯಲ್ಲಿ ಅದು ಇನ್ನೂ ಹೆಚ್ಚು. ಆದರೂ ಯಾವುದೋ ಒಂದು ಜೀನ್ ಕೈದಾಟಿ ಬಂದು ಕಾಯಿಲೆ ತರುತ್ತದೆ ಎಂಬಂತಿಲ್ಲ. ನೂರಾರು ಸಣ್ಣ ವ್ಯತ್ಯಾಸಗಳು ಸೇರಿ ಸಾಧ್ಯತೆಯನ್ನು ಚೂರು ಚೂರಾಗಿ ಮೇಲಕ್ಕೋ ಕೆಳಕ್ಕೋ ತಳ್ಳುತ್ತವೆ, ಉಳಿದದ್ದನ್ನು ಬದುಕಿನ ಅನುಭವಗಳು ನಿರ್ಧರಿಸುತ್ತವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನೀವು ಹೇಳಿದ್ದನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ.

ಹೋಗುವಾಗ ಮಗಳ ಬರಹದ ಪುಸ್ತಕ, ರಕ್ತಪರೀಕ್ಷೆಯ ವರದಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳು, ಆಯುರ್ವೇದದ್ದಾದರೂ ಸರಿ, ಇವನ್ನೆಲ್ಲ ಜೊತೆಗೆ ಒಯ್ಯಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿರುತ್ತದೆ, ಖಾಸಗಿಯವರೇ ಆಗಬೇಕೆಂದಿಲ್ಲ. ಒಳಗೆ ಹೋದಾಗ ಮೊದಲ ಹತ್ತು ನಿಮಿಷ ಅವಳೊಬ್ಬಳೇ ಮಾತನಾಡಲು ಬಿಡಿ. ನೀವು ಹೊರಗೆ ಕುಳಿತಿದ್ದು, ಅವರು ಕರೆದ ಮೇಲೆ ಒಳಗೆ ಹೋಗಿ ನಾದಿನಿಯ ವಿಷಯ ತಿಳಿಸಿ. ಅತ್ತೆಯವರಿಗೆ ಸದ್ಯಕ್ಕೆ "ಥೈರಾಯ್ಡ್, ರಕ್ತ ತೋರಿಸಿಕೊಂಡು ಬರುತ್ತೇವೆ" ಎಂದರೆ ಸಾಕು, ಅದು ನಿಜವೂ ಹೌದು. ವರದಿಗಳು ಬಂದ ಮೇಲೆ ಮತ್ತೆ ಬರೆಯಿರಿ.