ಟ್ರೇಲರ್ ಕಟ್ಟಿದರೆ ಏರಿನಲ್ಲಿ ಡೀಸೆಲ್ ಪಿಕಪ್ ನರಳುತ್ತದೆ, ಮೈಲೇಜೂ ಬಿದ್ದಿದೆ

ಏರುದಾರಿ:
ನಮಸ್ಕಾರ. ನನ್ನದು ಡೀಸೆಲ್ ಪಿಕಪ್, 6 ಗೇರಿನ ಮ್ಯಾನುಯಲ್. ಟಾರ್ಕ್ (ಎಂಜಿನ್ ತಿರುಗಿಸುವ ಬಲ) 400 ಎನ್‌ಎಂ (ನ್ಯೂಟನ್ ಮೀಟರ್), 1,750ರಿಂದ 2,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಒಳಗೆ. ಹಿಂದೆ ಎತ್ತರದ ಬಾಕ್ಸ್ ಟ್ರೇಲರ್, ಎರಡೂ ಸೇರಿ 4 ಟನ್. ಸಮ ರಸ್ತೆಯಲ್ಲಿ ಗಂಟೆಗೆ 95 ಕಿ.ಮೀ. ವೇಗದಲ್ಲಿ ಆರಾಮಾಗಿ ಹೋಗುತ್ತದೆ. ಏರು ಬಂದರೆ 80ಕ್ಕೆ ಇಳಿಯುತ್ತದೆ, ಆಗ 1,400 ಆರ್‌ಪಿಎಂ. ಪೂರ್ತಿ ಒತ್ತಿದರೂ ಗುಂಯ್ ಅನ್ನುತ್ತದೆ ಅಷ್ಟೇ, ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತದೆ. ಡೀಸೆಲ್ ಉಳಿಯಲಿ ಅಂತ 6ನೇ ಗೇರ್ ಬಿಡುವುದೇ ಇಲ್ಲ. ಆದರೂ ಲೀಟರಿಗೆ 7 ಕಿ.ಮೀ. ಟ್ರೇಲರ್ ಇಲ್ಲದಿದ್ದರೆ 12. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಹೋಗಿದೆಯಾ?

ಸ್ಪ್ಯಾನರ್:
ಕಪ್ಪು ಹೊಗೆ ಬರುತ್ತಾ? ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪ್ ಸಡಿಲವಾಗಿದ್ದರೂ ಹೀಗೇ ಆಗುತ್ತದೆ. ಏರ್ ಫಿಲ್ಟರ್ ಕೂಡ ನೋಡಿ.

ಏರುದಾರಿ:
ಹೊಗೆ ಇಲ್ಲ. ಫಿಲ್ಟರ್ ಹೊಸದು, ಪೈಪ್ ಗಟ್ಟಿಯಾಗಿವೆ. ಟ್ರೇಲರ್ ಬಿಚ್ಚಿದರೆ ಗಾಡಿ ಚಿಮ್ಮುತ್ತದೆ.

ಹಳೇ ಗೇರು:
ಹಾಗಾದರೆ ಟರ್ಬೊವನ್ನು ಸುಮ್ನೆ ಬೈಯಬೇಡಿ ಸರ್, ಗೇರಿನದ್ದೇ ತಪ್ಪು. 100 ಮೀಟರಿಗೆ 5 ಮೀಟರ್ ಏರುವ ರಸ್ತೆ ಅಂದುಕೊಳ್ಳಿ. 4 ಟನ್ನನ್ನು 80ರಲ್ಲಿ ಮೇಲಕ್ಕೆತ್ತಲು ಮಾತ್ರ ಸುಮಾರು 44 ಕಿಲೋವ್ಯಾಟ್ ಬೇಕು. ಗಾಳಿಯ ತಡೆಗೂ ಟೈರಿನ ತಡೆಗೂ ಅಂದಾಜು 26 ಸೇರಿಸಿ, 70 ಆಯಿತು.

ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಅದನ್ನೇ ತಿರುಗಿಸಿ ನೋಡಿ. 1,400ರಲ್ಲಿ 70 ಬೇಕಾದರೆ 477 ಎನ್‌ಎಂ ಇರಬೇಕು. ನಿಮ್ಮ ಎಂಜಿನ್ನಿನಲ್ಲಿ ಅಷ್ಟು ಇಲ್ಲವೇ ಇಲ್ಲ! 5ನೇ ಗೇರಿನಲ್ಲಿ 1,750 ಬಂದರೆ 382 ಸಾಕು, ಅದೂ ಕಷ್ಟಪಟ್ಟು. 4ನೇ ಗೇರಿನಲ್ಲಿ ಸುಮಾರು 2,275. ಅಲ್ಲಿ 294 ಸಾಕು, ಕೈಯಲ್ಲಿ ಇನ್ನೂ 100 ಮಿಕ್ಕಿರುತ್ತದೆ.

ಬಿಸಿಯಾಗುವುದೂ ಇದಕ್ಕೇ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದಾಗ ಡೀಸೆಲ್ ಜಾಸ್ತಿ ಬೀಳುತ್ತದೆ, ಟರ್ಬೊ ಸಾಕಷ್ಟು ಗಾಳಿ ತುಂಬುವುದಿಲ್ಲ. ಬೆಲ್ಟಿನ ವಾಟರ್ ಪಂಪ್ ಕೂಡ ನಿಧಾನಕ್ಕೆ ತಿರುಗುತ್ತಿರುತ್ತದೆ. ಸದ್ದು ಕಡಿಮೆ ಅಂತ ಎಂಜಿನ್ ಸುಖವಾಗಿದೆ ಅಂದುಕೊಳ್ಳುತ್ತೇವೆ, ಅಲ್ವಾ? ನಾನೂ ಅದೇ ನಂಬಿಕೆಯಲ್ಲಿ ಒಂದು ಕ್ಲಚ್ ಸುಟ್ಟಿದ್ದೇನೆ.

ಏರುದಾರಿ:
4ರಲ್ಲಿ ಡೀಸೆಲ್ ಕುಡಿಯಲ್ವಾ?

ಹಳೇ ಗೇರು:
ಸಮ ರಸ್ತೆಯಲ್ಲಿ ಕುಡಿಯುತ್ತದೆ. ಅಲ್ಲಿ 6 ಹಾಕುವ ನಿಮ್ಮ ಲೆಕ್ಕ ಸರಿ. ಏರಿನಲ್ಲಿ ಭಾರ ಎತ್ತುವ ಕೆಲಸ ಯಾವ ಗೇರಾದರೂ ಅಷ್ಟೇ, ವ್ಯತ್ಯಾಸ ಸಣ್ಣದು. ನಿಮ್ಮ ಡೀಸೆಲ್ ನಿಜವಾಗಿ ಹೋಗುತ್ತಿರುವುದು 95ರ ವೇಗಕ್ಕೆ. 80ಕ್ಕೆ ಹೋಲಿಸಿದರೆ ಗಾಳಿಯ ತಡೆ 40% ಜಾಸ್ತಿ, ಅದೂ ಆ ಎತ್ತರದ ಬಾಕ್ಸಿಗೆ.

ಏರುದಾರಿ:
ಒಂದು ಸುತ್ತು ಹೋಗಿ ಬಂದೆ. ಸಮದಲ್ಲಿ 80, ಏರು ಶುರುವಾಗುವ ಮೊದಲೇ 4ಕ್ಕೆ ಇಳಿಸಿದೆ. ವೇಗ ಬೀಳಲಿಲ್ಲ, ಮುಳ್ಳು ಅಲುಗಲಿಲ್ಲ. ಮೈಲೇಜ್ 8.5. ಸದ್ದು ಮಾತ್ರ ಜಾಸ್ತಿ, ಪಕ್ಕದಲ್ಲಿ ಕೂತವರು ಮುಖ ಸಿಂಡರಿಸಿದರು. ಇಳಿಜಾರಿನಲ್ಲಿ ಯಾವ ಗೇರು?

ಸ್ಪ್ಯಾನರ್:
ಹತ್ತಿದ ಗೇರಿನಲ್ಲೇ ಇಳಿಯಿರಿ, ಬೇಕಾದರೆ ಇನ್ನೊಂದು ಕೆಳಗೆ. ಆಕ್ಸಿಲರೇಟರ್ ಬಿಟ್ಟಾಗ ಡೀಸೆಲ್ ಎಂಜಿನ್ ಪೆಟ್ರೋಲಿನಷ್ಟು ಗಾಡಿಯನ್ನು ಹಿಡಿಯುವುದಿಲ್ಲ, ಅದಕ್ಕೇ ದೊಡ್ಡ ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ಇಳಿಸುವ ಬ್ರೇಕ್) ಇರುವುದು. ಬ್ರೇಕ್ ಒತ್ತಿಕೊಂಡೇ ಇರಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ, ಬಿಡಿ, ಆರಲಿ. ಟ್ರೇಲರಿಗೆ ಸ್ವಂತ ಬ್ರೇಕ್ ಇದೆ ತಾನೇ?

ಏರುದಾರಿ:
ಇದೆ. ಕೆಲಸ ಮಾಡುತ್ತದಾ ಅಂತ ನಾಳೆ ನೋಡುತ್ತೇನೆ.