ಅಪ್ಪ-ಅಮ್ಮನ ಹಳೆ ಟಿವಿಗೆ ಸ್ಟಿಕ್ಕಾ, ಬಾಕ್ಸಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕಾಪುವಿನಲ್ಲಿರುವ ಅಪ್ಪ-ಅಮ್ಮನ ಟಿವಿಯಲ್ಲಿ ಇಂಟರ್ನೆಟ್ ಮೂಲಕ ಸಿನಿಮಾ, ಯಕ್ಷಗಾನ ನೋಡುವ ಹಾಗೆ ಮಾಡಬೇಕು. ಅದಕ್ಕೆ ಟಿವಿಗೆ ಸಿಕ್ಕಿಸುವ ಸ್ಟಿಕ್ ಅಥವಾ ಬಾಕ್ಸ್ ತರೋಣ ಅಂತ. ಟಿವಿ 32 ಇಂಚಿನದು, ಫುಲ್ ಎಚ್‌ಡಿ, ಸ್ಮಾರ್ಟ್ ಅಲ್ಲ. ಎಚ್‌ಡಿಎಂಐ ಪೋರ್ಟ್ ಒಂದು ಖಾಲಿ ಇದೆ. 4ಕೆ ಸ್ಟಿಕ್ ತಂದರೂ ಇದರಲ್ಲಿ ಚಿತ್ರ 1080ಪಿಗಿಂತ (ಅಂದರೆ ಫುಲ್ ಎಚ್‌ಡಿಗಿಂತ) ಮೇಲೆ ಹೋಗುವುದಿಲ್ಲ ಅಲ್ವಾ, ಸುಮ್ನೆ ಜಾಸ್ತಿ ದುಡ್ಡು ಯಾಕೆ ಅಂತ.

ಫೈರ್ ಟಿವಿ ಸ್ಟಿಕ್ ತಗೊಳ್ಳುವುದಾ, ಗೂಗಲ್ ಟಿವಿ ಇರುವ ಬಾಕ್ಸಾ? ಅಮ್ಮನಿಗೆ ರಿಮೋಟಿನಲ್ಲಿ ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿ ಹುಡುಕುವುದು ಕಷ್ಟ. ಮೈಕ್ ಬಟನ್ ಒತ್ತಿ "ಬಡಗುತಿಟ್ಟು ಯಕ್ಷಗಾನ" ಅಂದರೆ ಯೂಟ್ಯೂಬಿನಲ್ಲಿ ಸಿಗಬೇಕು. ಕನ್ನಡದಲ್ಲಿ ಹೇಳಿದ್ದು ಯಾವುದಕ್ಕೆ ಚೆನ್ನಾಗಿ ಅರ್ಥವಾಗುತ್ತದೆ? ನನಗೆ ಇದೇ ಮುಖ್ಯ.

ಇನ್ನೊಂದು ವಿಷಯ. ರೂಟರ್ ಚಾವಡಿಯಲ್ಲಿದೆ, ಟಿವಿ ಒಳಕೋಣೆಯಲ್ಲಿ. ನಡುವೆ ಕೆಂಪುಕಲ್ಲಿನ ದಪ್ಪ ಗೋಡೆ. 5 ಗಿಗಾಹರ್ಟ್ಸ್ ವೈಫೈ ಅಲ್ಲಿಗೆ ಬರುವುದೇ ಇಲ್ಲ, 2.4 ಮಾತ್ರ ಬರುತ್ತದೆ. ಲ್ಯಾನ್ ಪೋರ್ಟ್ (ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಜಾಗ) ಇರುವ ಬಾಕ್ಸ್ ತಂದು ರೂಟರಿನಿಂದ ಕೇಬಲ್ ಎಳೆಸುವುದು ಒಳ್ಳೆಯದಾ? ನಮ್ಮ ಕಡೆಯ ಸಿಡಿಲಿಗೆ ಕೇಬಲ್ ಮೂಲಕ ಟಿವಿಯೇ ಹೋದರೆ ಅಂತ ಹೆದರಿಕೆ.

ಸ್ಟಿಕ್ಕಿಗೆ ಟಿವಿಯ ಯುಎಸ್‌ಬಿಯಿಂದಲೇ ಕರೆಂಟ್ ಕೊಟ್ಟರೆ ಸಾಕಾಗುತ್ತದಾ, ಅಡಾಪ್ಟರೇ ಬೇಕಾ?

ಇಂಥ ಹಳೆ ಮನೆಯಲ್ಲಿ ಬಳಸುತ್ತಿರುವವರು ದಯವಿಟ್ಟು ತಿಳಿಸಿ. ಉಡುಪಿಯಲ್ಲೇ ರಿಪೇರಿ ಆಗುವಂಥದ್ದಾದರೆ ಇನ್ನೂ ಒಳ್ಳೆಯದು.