1919ರ ಡೈರಿಯಲ್ಲಿ ಮುತ್ತಜ್ಜಿ ಸಿಕ್ಕಳು, ಮುಂದೆ ಎಲ್ಲಿ ಹುಡುಕಲಿ?

ರೋಣದ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮದು ರೋಣ ತಾಲೂಕಿನ ಹಳ್ಳಿ, ಈಗ ಇರೋದು ಹುಬ್ಬಳ್ಳಿಯಲ್ಲಿ. ಅಪ್ಪ ಮತ್ತು ಕಾಕಾಗಳ ನಡುವೆ ಹೊಲದ ವಾಟ್ನಿ (ಪಾಲು) ಆಗುವಾಗ ಹಳೆಯ ಉತಾರ (ಪಹಣಿ), ಡೈರಿಗಳ (ಹೊಲದ ಹಕ್ಕು ಬದಲಾದಾಗ ಕಂದಾಯದವರು ಬರೆಯುವ ದಾಖಲೆ) ನಕಲು ತೆಗೆಸಿದೆವು. ಅದರಲ್ಲಿ 1919ರ ವಾರಸಾ (ವಾರಸುದಾರರ ಹೆಸರು ಹಚ್ಚುವ) ಡೈರಿ ಒಂದಿದೆ. ಮುತ್ತಜ್ಜ ತೀರಿಕೊಂಡ, ಮಗ ಆರು ವರ್ಷದವನು ಅಂತ ಬರೆದಿದ್ದಾರೆ. ಆ ಮಗ ನನ್ನ ಅಜ್ಜ. ಅವನ ಹೆಸರಿನ ಕೆಳಗೆ 'ಅ.ಪಾ.ಕ. ತಾಯಿ' (ಅಜ್ಞಾನ, ಅಂದರೆ ವಯಸ್ಸಿಗೆ ಬಾರದ ಮಗನ ಪಾಲನಕರ್ತೆ) ಅಂತ ನನ್ನ ಮುತ್ತಜ್ಜಿಯ ಹೆಸರು! ಅಲ್ಲಿವರೆಗೆ ಆಕೆಯ ಹೆಸರು ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿರುವ ವಂಶಾವಳಿಯಲ್ಲಿ ಬರೀ ಗಂಡಸರೇ ಇದ್ದಾರೆ. ನೋಡಿ ಬಹಳ ಬೇಜಾರಾಯಿತು.

ಮುಂದಿನ ಡೈರಿ 1931ರದ್ದು. ಮಗ ಸಜ್ಞಾನನಾದ (ವಯಸ್ಸಿಗೆ ಬಂದ) ಅಂತ ಆಕೆಯ ಹೆಸರು ಕಮ್ಮಿ ಮಾಡಿದ್ದಾರೆ. ಅಲ್ಲಿಂದ ಮುಂದೆ ಆಕೆ ಎಲ್ಲೂ ಇಲ್ಲ.

ನಮ್ಮ ದೊಡ್ಡ ಅತ್ತಿ ತಮ್ಮ ಅಪ್ಪನಿಂದ ಕೇಳಿದ್ದನ್ನು ಹೇಳುತ್ತಾರೆ. ಗಂಡ ಪ್ಲೇಗಿನಲ್ಲಿ ಹೋದನಂತೆ. ಭಾವ ಹೊಲ ಕೇಳಲು ಬಂದಾಗ 'ನನ್ನ ಮಗ ದೊಡ್ಡವನಾಗಲಿ, ಅವನನ್ನೇ ಕೇಳು' ಅಂದಳಂತೆ. ಧಾರವಾಡದ ಕೋರ್ಟಿನವರೆಗೂ ಹೋಗಿದ್ದಳಂತೆ. ಆ ಹನ್ನೆರಡು ವರ್ಷ ಕಮತವನ್ನು ಒಬ್ಬಳೇ ಹೇಗೆ ನಡೆಸಿದಳು? ಸಾಲ ಮಾಡಿದ್ದಳಾ? ತವರು ಯಾವ ಊರು? ಗಂಡಸರ ಹೆಸರು ಹಿಡಿದು ಹೋದರೆ ಕಾಗದ ಸಿಗುತ್ತವೆ, ಆಕೆಯದನ್ನು ಹೇಗೆ ಹುಡುಕಬೇಕು?

ಹಳೇ ದಫ್ತರ:
ತಂಗೀ, ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು. ಆ ಕಾಲದ ಹೆಣ್ಣುಮಕ್ಕಳು ಕಾಗದದ ಮೇಲೆ ಬರೋದು ಮನೆಯ ಗಂಡಸು ಸತ್ತಾಗ, ಸಾಲ ಆದಾಗ, ಜಗಳ ಬಿದ್ದಾಗ. ಅಲ್ಲಿಯೇ ಹುಡುಕಬೇಕು.

ನಿನ್ನ ಎರಡು ಡೈರಿಗಳಲ್ಲೇ ಒಂದು ಸುಳಿವಿದೆ. ಮಗನಿಗೆ 1919ರಲ್ಲಿ ಆರು, 1931ರಲ್ಲಿ ಹದಿನೆಂಟು. ಕೋರ್ಟು ಪಾಲಕರನ್ನು ನೇಮಿಸಿದ್ದರೆ ಆಗಿನ ಕಾಯ್ದೆಯ ಪ್ರಕಾರ 21ರವರೆಗೆ ಅವನು ಅಜ್ಞಾನನೇ. ಹದಿನೆಂಟಕ್ಕೇ ಹೆಸರು ತೆಗೆದಿದ್ದಾರೆ ಅಂದರೆ ಆಕೆ ತಾಯಿ ಅನ್ನುವ ಹಕ್ಕಿನಿಂದಲೇ ಹೊಲ ನೋಡಿಕೊಂಡಿರಬೇಕು. ಹಾಗಾಗಿ ಕೋರ್ಟಿಗೆ ಹೋಗಿದ್ದು ನಿಜವಾದರೆ ಅದು ಪಾಲಕತನಕ್ಕಲ್ಲ, ಬಹುಶಃ ಭಾವನ ಜೊತೆಗಿನ ದಾವೆ.

ಮುಂದೆ ಸಬ್ ರಜಿಸ್ಟ್ರಾರ್ ಕಚೇರಿಗೆ ಹೋಗು. ಹೊಲದ ಮೇಲೆ ನೂರು ರೂಪಾಯಿ ಅಥವಾ ಜಾಸ್ತಿ ಸಾಲ ತೆಗೆದರೆ ಅಡವು ಪತ್ರ ರಜಿಸ್ಟರ್ ಆಗಲೇಬೇಕಿತ್ತು. ಅದು 1ನೇ ಪುಸ್ತಕದಲ್ಲಿ ಇರುತ್ತದೆ. ಅದನ್ನು ಯಾರು ಬೇಕಾದರೂ ಫೀ ಕಟ್ಟಿ ನೋಡಬಹುದು, ನಕಲು ಕೇಳಬಹುದು. ಇಂಡೆಕ್ಸ್ ಎರಡು ಥರ: ಒಂದು ಹೆಸರಿನದು, ಒಂದು ಆಸ್ತಿಯದು. ನೀನು ಆಸ್ತಿಯದನ್ನು ಹಿಡಿ, ಸರ್ವೆ ನಂಬರ್ ನಿನ್ನ ಕೈಯಲ್ಲೇ ಇದೆ. ಹೆಸರಿನಲ್ಲಿ ಹುಡುಕಿದರೆ ಬರೆದವರು ಮಗನ ಹೆಸರು ಹಾಕಿರಬಹುದು, ಆಕೆ ತಪ್ಪಿಹೋಗುತ್ತಾಳೆ. ಪತ್ರ ಸಿಕ್ಕರೆ ಆಕೆಯ ಹೆಬ್ಬೆಟ್ಟೂ ಸಿಗುತ್ತದೆ.

ಗದಗ ಮಾಸ್ತರ:
ಪ್ಲೇಗಿನ ಬಗ್ಗೆ ಒಂದು ಮಾತು. ಹುಬ್ಬಳ್ಳಿಗೆ ದೊಡ್ಡ ಪ್ಲೇಗು ಬಂದಿದ್ದು 1898ರಲ್ಲಿ. ಆಮೇಲೂ ಅದು ಬಂದು ಹೋಗುತ್ತಿತ್ತು, ನಿಜ. ಆದರೆ 1918ರ ಕೊನೆಗೆ ಮುಂಬೈ ಪ್ರಾಂತ್ಯದ ತುಂಬ ಇನ್ಫ್ಲುಯೆಂಜಾ ಹಬ್ಬಿತ್ತು. ಡೈರಿ 1919ರದ್ದಾದ್ದರಿಂದ ನನಗೆ ಅದರ ಮೇಲೆಯೇ ಅನುಮಾನ. ಊರಿನ ಜನನ ಮರಣ ಪುಸ್ತಕದಲ್ಲಿ ಸಾವಿನ ಕಾರಣ ಬರೆಯುತ್ತಿದ್ದರು, ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ. 1918ರಲ್ಲಿ ಮಳೆಯೂ ಕೈಕೊಟ್ಟಿತ್ತು. ಗಂಡ ಹೋದ ಹೊತ್ತಿಗೇ ಹೊಲವೂ ಒಣಗಿದ್ದರೆ ಸರ್ಕಾರದ ತಗಾವಿ ಸಾಲ ತೆಗೆದಿರಬಹುದು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಾಲ ಕೊಡುವ ಸಹಕಾರಿ ಸಂಘ 1905ರಲ್ಲೇ ಶುರುವಾಗಿತ್ತು. ನಿಮ್ಮೂರ ಸೊಸೈಟಿ ಎಷ್ಟು ಹಳೆಯದು ಅಂತಲೂ ವಿಚಾರಿಸಿ.

ಹಾವೇರಿ ಅಕ್ಕೋರು:
ಕಚೇರಿಗೆ ಹೋಗುವ ಮೊದಲು ಅಟ್ಟ ಹತ್ತಿರಿ. ತವರಿನವರು ಕೊಟ್ಟ ಹಂಡೆ, ಕೊಡ, ಪರಾತದ ಮೇಲೆ ಕೊಟ್ಟವರ ಹೆಸರು, ಊರು ಕೊರೆಸುವ ರೂಢಿ ಇತ್ತು ಅಲ್ವಾ? ನಮ್ಮ ಅಜ್ಜಿಯ ತವರು ನಮಗೆ ಗೊತ್ತಾಗಿದ್ದು ಹಾಗೇ. ಕಲಾಯಿ ಹಾಕಿಸಲು, ಮಾರಲು ಕೊಡುವ ಮೊದಲು ಫೋಟೋ ತೆಗೆದಿಡಿ. ಆಮೇಲೆ ನಿಮ್ಮ ಮನೆತನದ ಹೆಳವರು ಯಾರು, ಯಾವಾಗ ಬರುತ್ತಾರೆ ಅಂತ ಊರಲ್ಲಿ ಕೇಳಿ. ಅವರು ವಂಶ ಹೇಳುವಾಗ ಸುಮ್ನೆ ಕಾಳು ಹಾಕಿ ಕಳಿಸಬೇಡಿ. ಸೊಸೆಯಂದಿರು ಯಾವ ಊರಿನಿಂದ ಬಂದವರು ಅಂತ ಬಾಯಿಬಿಟ್ಟು ಕೇಳಬೇಕು, ಕೇಳದಿದ್ದರೆ ಗಂಡಸರ ಹೆಸರಿಗೇ ಮುಗಿಯುತ್ತದೆ. ಮನೆಯವರು ಪಂಢರಪುರ, ಕಾಶಿಗೆ ಹೋಗಿದ್ದರೆ ಅಲ್ಲಿಯ ಪುರೋಹಿತರ ಹಳೆಯ ವಹಿಗಳೂ ಇವೆ. ಯಾತ್ರೆಗೆ ಬಂದವರ ಹೆಸರು, ಊರು, ಮನೆತನ ಬರೆದಿಡುತ್ತಿದ್ದರು.

ರೋಣದ ಮೊಮ್ಮಗಳು:
ಅಕ್ಕೋರೆ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು! ಕಾಕಾನ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇದೆ, ವಿಡಿಯೋ ಕಾಲ್ ಮಾಡಿ ತೋರಿಸಿದರು. ಕಂಠದ ಹತ್ತಿರ ಅಕ್ಷರ ಇವೆ. ಹೆಸರು ಪೂರ್ತಿ ಸವೆದಿದೆ, ಊರು ಮಾತ್ರ 'ನರಗುಂದ' ಅಂತ ಓದಲು ಬರುತ್ತದೆ. ದೊಡ್ಡ ಅತ್ತಿಯವರಿಗೆ ಹೇಳಿದೆ. ಅವರು ಹುಟ್ಟಿದಾಗಿನಿಂದ ಅದೇ ಹಂಡೆಯ ನೀರು ಕಾಯಿಸಿಕೊಂಡವರು, ಓದಿಯೇ ಇರಲಿಲ್ಲವಂತೆ. ಈ ವಾರ ರಜಿಸ್ಟ್ರಾರ್ ಕಚೇರಿಗೆ ಹೋಗುತ್ತೇನೆ.

ಹಳೇ ದಫ್ತರ:
ಹಾಗಾದರೆ ಅಡವು ಪತ್ರ ಸಿಕ್ಕಾಗ ಕೊನೆಯ ಪುಟ ಬಿಡಬೇಡ. ಸಾಕ್ಷಿ ಹಾಕಿದವರ ಹೆಸರು, ಊರು ಅಲ್ಲಿ ಇರುತ್ತವೆ. ಇಂಥ ಹೊತ್ತಿನಲ್ಲಿ ವಿಧವೆಯ ಜೊತೆ ಬರೋರು ಸಾಮಾನ್ಯವಾಗಿ ಆಕೆಯ ಅಣ್ಣತಮ್ಮಂದಿರು. ನರಗುಂದದವರು ಯಾರಾದರೂ ಸಾಕ್ಷಿ ಹಾಕಿದ್ದರೆ ಆ ಹೆಸರು ಬರೆದುಕೊಂಡು ನರಗುಂದದ ಉತಾರಗಳಲ್ಲಿ ಹುಡುಕು.